ಬಸುರಿನ ಬಿಳುಪು

ಈಚೆಗೆ ತ್ಯಾಗರಾಜನಗರದ ಪರಿಚಿತರ ಮನೆಯೊಂದಕ್ಕೆ ಸೀಮಂತಕ್ಕೆಂದು ಹೋಗುವ ಪ್ರಸಂಗ ಒದಗಿತು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಮಡಿಲಲ್ಲಿ ತೆಂಗಿನಕಾಯಿ. ಆರತಿಯೆತ್ತಿದ ಹಿರಿಯ ಮುತ್ತೈದೆಯೊಬ್ಬರು ಹುಡುಗಿಯ ಗಲ್ಲ ಹಿಡಿದು, ‘ಎಷ್ಟು ಬೆಳ್ಳಗಾಗಿದ್ದೀಯೇ ತಾಯಿ! ಬಸುರಿನ ಕಳೆಯೇ ಹಾಗೆ’ ಎಂದರು. ಹುಡುಗಿ ನಕ್ಕಳು. ಮಹಡಿಯ ಮೆಟ್ಟಿಲೇರಿ ಬಂದುದಕ್ಕೇ ಅವಳಿಗೆ ಏದುಸಿರು ಬಂದಿದ್ದಿತು.

ನನಗೆ ನೆನಪಾದುದು ‘ರಘುವಂಶ’ದ ಮೂರನೆಯ ಸರ್ಗ. ಗರ್ಭಿಣಿಯಾದ ಸುದಕ್ಷಿಣೆಯ ಮೈ ಸೊರಗಿದೆ; ಒಡವೆಗಳನ್ನು ಕಡಿಮೆ ಮಾಡಿಕೊಂಡಿದ್ದಾಳೆ; ಮುಖ ಲೋಧ್ರದಂತೆ ಬಿಳಿಚಿದೆ. ಮಣ್ಣಿನ ಕಂಪು ಸೂಸುವ ಆ ಮುಖವನ್ನು ಏಕಾಂತದಲ್ಲಿ ಆಘ್ರಾಣಿಸಿದ ದಿಲೀಪನಿಗೆ ತೃಪ್ತಿಯೇ ಇಲ್ಲ. ಮುಂದೆ ಭೂಮಿಯನ್ನಾಳುವವನ ತಾಯಿಗೆ ಮೊದಲು ಮಣ್ಣಿನ ಮೇಲೆಯೇ ಆಸೆ ಹುಟ್ಟಿತೆಂದು ಕವಿ ಕಾರಣ ಕಲ್ಪಿಸುತ್ತಾನೆ.

ಕಾರಣ ಕವಿಯದಾದರೂ ಕಂಡುದು ನಿಜವೇ. ಆಯಾಸ, ಬಿಳುಪು, ಮಣ್ಣಿನ ಬಯಕೆ ಈ ಮೂರೂ ಒಟ್ಟಿಗೆ ಕಂಡರೆ ಇಂದಿನ ವೈದ್ಯರು ಮೊದಲು ಮಾಡಿಸುವುದು ರಕ್ತಪರೀಕ್ಷೆ. ಒಲೆಮಣ್ಣು, ಬಳಪಗಳನ್ನು ಮರೆಯಲ್ಲಿ ಮೆಲ್ಲುವ ನಮ್ಮ ಬಸುರಿಯರ ಬಯಕೆಯ ಹಿಂದೆಯೂ ಅನೇಕ ವೇಳೆ ಕಬ್ಬಿಣದ ಕೊರತೆ ಇರುವುದುಂಟು. ಮಣ್ಣು ಆ ಕೊರತೆಯನ್ನು ನೀಗಲಾರದು.

ಬಸುರಿನಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ. ಅದರಲ್ಲಿ ನೀರಿನ ಪಾಲೇ ಅಧಿಕವಾದುದರಿಂದ ಹಿಮೋಗ್ಲೋಬಿನ್ ತುಸು ಇಳಿಯುವುದು ಸಹಜ. ಡೆಸಿಲೀಟರಿಗೆ 11 ಗ್ರಾಮಿಗಿಂತ ಕೆಳಗಾದರೆ ಸಾಮಾನ್ಯವಾಗಿ ರಕ್ತಹೀನತೆ ಎನ್ನುತ್ತಾರೆ. ನವಮಾಸಕ್ಕೆ ಬೇಕಾದ ಕಬ್ಬಿಣ ಸುಮಾರು 1000 ಮಿಲಿಗ್ರಾಂ. ಕೂಸು ತನ್ನ ಪಾಲನ್ನು ಬಹುಮಟ್ಟಿಗೆ ಕೊನೆಯ ಮೂರು ತಿಂಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಅತ್ಯಲ್ಪವಷ್ಟೆ. ಹುಟ್ಟಿದ ಮೊದಲ ಆರು ತಿಂಗಳು ಮಗು ಸಂಸಾರ ಸಾಗಿಸಬೇಕಾದುದು ಬಹುಪಾಲು ಈ ಗಂಟಿನಿಂದಲೇ. ತಾಯಿ ಬಡವಾದರೂ ಕೂಸು ತನ್ನ ಪಾಲನ್ನು ಕಿತ್ತುಕೊಳ್ಳುತ್ತದೆಂಬ ನಂಬಿಕೆಯುಂಟು. ಅದು ಅರ್ಧ ಸತ್ಯ. ಕೊರತೆ ತೀವ್ರವಾದಂತೆ ಕೂಸಿನ ಗಂಟೂ ಕರಗುತ್ತದೆ. ದಿನ ತುಂಬದ ಹೆರಿಗೆ, ಕಡಿಮೆ ತೂಕದ ಶಿಶು, ಇವುಗಳ ಭಯ ಹೆಚ್ಚುತ್ತದೆ. ಬೆಳೆಯುವ ಮಿದುಳಿಗೂ ಬೇಕಾದುದು ಅದೇ ಕಬ್ಬಿಣ.

2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಗರ್ಭಿಣಿಯರ ಪೈಕಿ ನೂರಕ್ಕೆ ಸುಮಾರು 45 ಮಂದಿ ರಕ್ತಹೀನರು. 2019–21ರ ಸಮೀಕ್ಷೆಯಲ್ಲಿಯೂ ಅದು ಇಳಿಯಲಿಲ್ಲ. ಈ ನಡುವೆ, 2017ರ ಅಕ್ಟೋಬರ್ 2ರಂದು, ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ ಬಡಿಸುವ ‘ಮಾತೃಪೂರ್ಣ’ ಯೋಜನೆ ರಾಜ್ಯದಲ್ಲೆಲ್ಲ ಆರಂಭವಾಗಿತ್ತು. ಕಬ್ಬಿಣದ ಮಾತ್ರೆ ಹಂಚುವ ರಾಷ್ಟ್ರೀಯ ಕಾರ್ಯಕ್ರಮವಂತೂ 1970ರಷ್ಟು ಹಳೆಯದು. ಹಂಚಿದ ಮಾತ್ರೆಯೆಲ್ಲ ಹೊಟ್ಟೆಗೆ ಸೇರುವುದೆ? ವಾಕರಿಕೆಯಾಯಿತೆಂದು ಕೆಲವರು, ಮಲ ಕಪ್ಪಾಯಿತೆಂದು ಹೆದರಿ ಕೆಲವರು, ಬಿಟ್ಟುಬಿಡುತ್ತಾರೆ. ಮಲ ಕಪ್ಪಾಗುವುದು ಮಾತ್ರೆಯ ಗುಣ, ಅದರಿಂದ ಅಪಾಯವಿಲ್ಲ.

ದಕ್ಷಿಣ ಬೆಂಗಳೂರಿನ ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕುಂಟು. ಸೀಮಂತದ ಊಟವಾದ ಮೇಲೆ ಹುಡುಗಿ ಕೆಂಪು ಮಾತ್ರೆಯನ್ನು ಕೈಗೆ ತೆಗೆದುಕೊಂಡಳು. ಅತ್ತೆ ಅಕ್ಕರೆಯಿಂದ ನೊರೆಗಾಫಿಯ ಲೋಟವನ್ನು ಮುಂದಿಟ್ಟರು. ಕಾಫಿ, ಚಹಗಳು ಕಬ್ಬಿಣವನ್ನು ಕರುಳು ಹೀರಿಕೊಳ್ಳದಂತೆ ತಡೆಯುತ್ತವೆ, ನಡುವೆ ಒಂದೆರಡು ಗಂಟೆಯ ಅಂತರವಿರಬೇಕು, ಹುಳಿಹಣ್ಣಿನ ರಸವಾದರೆ ಒಳ್ಳೆಯದು ಎಂದು ಸಂಕೋಚ ಬಿಟ್ಟು ಹೇಳಿದೆ. ಆಕೆ ಒಂದು ಕ್ಷಣ ನನ್ನ ಮುಖ ನೋಡಿದರು. ಅನಂತರ ಲೋಟವನ್ನು ನನ್ನ ಕೈಗೇ ದಾಟಿಸಿ, ನಿಂಬೆಹಣ್ಣು ತರಲು ಒಳಗೆ ಹೋದರು.