ಹಸಿಮೇವಿನಿಂದ ದನಗಳಿಗೆ ಬರುವ ಹೊಟ್ಟೆಯುಬ್ಬರ

ದೂಧಗಂಗಾ ತೀರದ ಸದಲಗಾ ಮುಂತಾದ ನೀರಾವರಿಯ ಊರುಗಳಲ್ಲಿ ಕುದುರೆಮಸಾಲೆ (ಲೂಸರ್ನ್) ಮೊದಲಾದ ದ್ವಿದಳ ಮೇವುಗಳನ್ನು ಬೆಳೆಯುವದು ಸುಲಭ. ಇವು ಸತ್ತ್ವಯುತವಾದ ಮೇವುಗಳೇ. ಆದರೆ ಹಸಿದ ದನವು ಎಳೆಯ ಸೊಪ್ಪನ್ನು ಒಮ್ಮೆಲೇ ಮೇಯ್ದರೆ ಕೆಲವೇ ತಾಸುಗಳಲ್ಲಿ ಸಾಯಬಹುದು.

ಮೆಲುಕು ಹಾಕುವ ಪ್ರಾಣಿಗಳ ಮೊದಲನೆಯ ಜಠರದಲ್ಲಿ ಮೇವು ಹುಳಿಯುವಾಗ ಇಂಗಾಲಾಮ್ಲ ಮತ್ತು ಮಿಥೇನ್ ವಾಯುಗಳು ಎಡೆಬಿಡದೆ ಹುಟ್ಟುತ್ತವೆ. ದನವು ಇವನ್ನು ತೇಗಿ ಹೊರಹಾಕುವದು. ಎಳೆಯ ದ್ವಿದಳ ಸೊಪ್ಪಿನಲ್ಲಿ ನೀರಿನಲ್ಲಿ ಕರಗುವ ಪ್ರೋಟೀನುಗಳು ಅಧಿಕ. ಅವುಗಳಿಂದ ಗಟ್ಟಿ ನೊರೆಯುಂಟಾಗಿ ವಾಯುವು ಸಣ್ಣ ಗುಳ್ಳೆಗಳಲ್ಲಿ ಸೆರೆಸಿಕ್ಕುತ್ತದೆ. ನೊರೆಯನ್ನು ತೇಗಲು ದನಕ್ಕೆ ಸಾಧ್ಯವಿಲ್ಲ. ಎಡಪಕ್ಕೆ ಉಬ್ಬಿ, ಶ್ವಾಸಕೋಶಗಳು ಹಿಗ್ಗಲಾರದೆ, ಉಸಿರು ಕಟ್ಟುತ್ತದೆ.

ಆದುದರಿಂದ ಮೊದಲು ಜೋಳದ ಕಣಿಕೆಯನ್ನು ತಿನ್ನಿಸಿ, ಬಳಿಕ ಬಾಡಿಸಿದ ಹಸಿಮೇವನ್ನು ಸ್ವಲ್ಪಸ್ವಲ್ಪವಾಗಿ ಕೊಡತಕ್ಕದ್ದು. ಹೂ ಬಿಟ್ಟ ಮೇಲೆ ಕೊಯ್ದ ಮೇವಿನಲ್ಲಿ ಅಪಾಯ ಕಡಿಮೆ.

ಉಬ್ಬರ ಕಂಡೊಡನೆ ಪಶುವೈದ್ಯರಿಗೆ ಹೇಳಿಕಳುಹಿಸತಕ್ಕದ್ದು. ಅವರು ಬರುವ ತನಕ ದೊಡ್ಡ ದನಕ್ಕೆ ಕಾಲರಿಂದ ಅರ್ಧ ಲೀಟರಿನಷ್ಟು ಶೇಂಗಾ ಎಣ್ಣೆಯನ್ನು ನಿಧಾನವಾಗಿ ಕುಡಿಸಿದರೆ ನೊರೆ ಒಡೆಯುವದು. ನಾಲಗೆಯನ್ನು ಎಳೆದು ಹಿಡಿಯಬಾರದು. ಎಣ್ಣೆಯು ಶ್ವಾಸಕೋಶಕ್ಕೆ ಇಳಿದರೆ ಅದೇ ಮೃತ್ಯುವಾದೀತು. ಕಬ್ಬಿನ ತುಂಡು ಗಂಟಲಲ್ಲಿ ಸಿಕ್ಕಿಯೂ ಹೊಟ್ಟೆ ಉಬ್ಬುವದುಂಟು. ಆಗ ಬಾಯಿಂದ ಜೊಲ್ಲು ಸುರಿಯುತ್ತದೆ. ಅಂತಹ ದನಕ್ಕೆ ಏನನ್ನೂ ಕುಡಿಸದೆ ವೈದ್ಯರಿಗೇ ತೋರಿಸತಕ್ಕದ್ದು.

ಹಸಿದ ದನಗಳನ್ನು ಎಳೆಯ ಮೇವಿನ ಹೊಲಕ್ಕೆ ಬಿಡದಂತೆ ಗೌಡರೂ ಹೊಲದ ಒಡೆಯರೂ ದನಗಾಹಿಗಳಿಗೆ ತಿಳಿಸಿ ಹೇಳುವದು ಉಚಿತವು.