ವೇಷದ ಕೆಂಪು ಕಪ್ಪಾದದ್ದು ಹೇಗೆ?

ಪ್ರಶ್ನೆ: ಹತ್ತೊಂಬತ್ತನೇ ಶತಮಾನದ ಗುಂಪು ಫೋಟೋಗಳಲ್ಲಿ ವೇಷಧಾರಿಗಳು ಮರಗಟ್ಟಿದಂತೆ ನಿಂತಿರುವುದೇಕೆ?
ಓದುಗರು, ಉತ್ತರಹಳ್ಳಿ

ಉತ್ತರ: ಕಾರಣ ಗಾಜಿನ ಫಲಕ. 1851ರಲ್ಲಿ ಬಂದ ಕೊಲೋಡಿಯನ್ ಪದ್ಧತಿಯಲ್ಲಿ ಲೇಪ ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಿತ್ತು. ಬೆಳಕು ಹಿಡಿಯಲು ಹಲವು ಸೆಕೆಂಡು ಬೇಕಿತ್ತು. ಒಬ್ಬರು ತಲೆಯಾಡಿಸಿದರೂ ಮುಖ ಕಲಸಿಹೋಗುತ್ತಿತ್ತು. ಅದಕ್ಕೇ ಕತ್ತಿನ ಹಿಂದೆ ಕಬ್ಬಿಣದ ಆಸರೆ ಇಡುತ್ತಿದ್ದರು.

1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟುವ ಹೊತ್ತಿಗೆ ಒಣ ಫಲಕ ಬಂದು ಈ ಕಷ್ಟ ತಗ್ಗಿತ್ತು. ಬಣ್ಣದ ತೊಡಕು ಮಾತ್ರ ಉಳಿಯಿತು. ಸಾಮಾನ್ಯ ಫಲಕಕ್ಕೆ ನೀಲಿ ಚೆನ್ನಾಗಿ ನಾಟುತ್ತಿತ್ತು, ಕೆಂಪು ನಾಟುತ್ತಲೇ ಇರಲಿಲ್ಲ. ಹೀಗಾಗಿ ರಕ್ತಗೆಂಪು ನಿಲುವಂಗಿ ಕಪ್ಪಾಗಿ, ನೀಲಿ ಶಾಲು ಬೆಳ್ಳಗೆ ಮೂಡುತ್ತಿತ್ತು. ಹಳೆಯ ಚಿತ್ರ ನೋಡಿ ವೇಷದ ಬಣ್ಣ ಊಹಿಸುವವರು ಇದನ್ನು ಮರೆಯಬಾರದು.

ಇನ್ನು ಗುಂಪು ಅಲುಗಾಡುವ ತೊಂದರೆಗೆ ಮಾಂಟ್ರಿಯಲ್‌ನ ಛಾಯಾಗ್ರಾಹಕ ವಿಲಿಯಂ ನಾಟ್‌ಮನ್ 1870ರ ಸ್ಕೇಟಿಂಗ್ ಉತ್ಸವದ ಚಿತ್ರದಲ್ಲಿ ಜಾಣ ಉಪಾಯ ಹೂಡಿದರು: ವೇಷಧಾರಿಗಳ ಚಿತ್ರಗಳನ್ನು ಸ್ಟುಡಿಯೋದಲ್ಲಿ ಬಿಡಿಬಿಡಿಯಾಗಿ ತೆಗೆದು, ಕತ್ತರಿಸಿ, ಚಿತ್ರಿಸಿದ ಹಿನ್ನೆಲೆಗೆ ಅಂಟಿಸಿದರು.