ಮಳೆ ಸೀಮೆಯ ಮನೆಗೆ ಹೊರಗಿನ ಆರೈಕೆ

ಕರ್ನಾಟಕದ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಘಟ್ಟದ ನೆತ್ತಿಯ ಆಗುಂಬೆಯಲ್ಲಿ ಹೆಚ್ಚುಕಡಿಮೆ ಅದರ ಇಮ್ಮಡಿ. ಇದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕದ ನಾಲ್ಕೇ ತಿಂಗಳಲ್ಲಿ ಸುರಿದುಬಿಡುತ್ತದೆ. 1,000 ಚದರಡಿಯ ಮಾಡಿನ ಮೇಲೆ ಒಂದು ದಿನದಲ್ಲಿ 100 ಮಿ.ಮೀ. ಮಳೆಯಾದರೆ ಸುಮಾರು 9,300 ಲೀಟರ್ ನೀರು ಇಳಿಯುತ್ತದೆ. ಹರಿದು ಹೋದ ನೀರಿನಿಂದ ಮನೆಗೆ ಅಷ್ಟೇನೂ ಕೇಡಿಲ್ಲ. ಹಂಚಿನ ಸಂದಿಯಲ್ಲಿ, ತಾರಸಿಯ ತಗ್ಗಿನಲ್ಲಿ, ಗೋಡೆಯ ಬುಡದಲ್ಲಿ ತಂಗಿದ ನೀರೇ ಮರವನ್ನು ಕೊಳೆಸುತ್ತದೆ, ಕಬ್ಬಿಣವನ್ನು ತಿನ್ನುತ್ತದೆ. ಮಲೆನಾಡು, ಕರಾವಳಿಯ ಹಳೆಯ ಮನೆಗಳ ಆಕಾರವೆಲ್ಲ ಈ ತಿಳಿವಳಿಕೆಯಿಂದಲೇ ಹುಟ್ಟಿದ್ದು: ಕಡಿದಾದ ಮಾಡು, ಗೋಡೆಯಿಂದ ಆಚೆಗೆ ಚಾಚಿದ ಸೂರು, ಎತ್ತರದ ಜಗಲಿ.

ಮಾಡಿಗೆ ಹಂಚು ಹೊದಿಸುವ ರೂಢಿ ವ್ಯಾಪಕವಾದದ್ದು 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ. ಮಂಗಳೂರು ಹಂಚಿನ ಜಾಣ್ಮೆ ಅದನ್ನು ಕೈಯಲ್ಲಿ ಹಿಡಿದು ನೋಡಿದರೆ ತಿಳಿಯುತ್ತದೆ. ಹಿಂಬದಿಯ ಕೊಕ್ಕೆ ರೀಪಿಗೆ ಸಿಕ್ಕಿಕೊಳ್ಳುತ್ತದೆ. ಅಂಚಿನ ಏಣು ಪಕ್ಕದ ಹಂಚಿನ ತೋಡಿನಲ್ಲಿ ಕೂರುತ್ತದೆ. ಎದೆಯ ಮೇಲಿನ ಕಾಲುವೆಗಳು ನೀರನ್ನು ಕೆಳಗಿನ ಹಂಚಿಗೆ ದಾಟಿಸುತ್ತವೆ. ಮೊಳೆಯಿಲ್ಲ, ಗಾರೆಯಿಲ್ಲ; ಒಡೆದದ್ದನ್ನು ಒಂದೊಂದಾಗಿ ತೆಗೆದು ಬದಲಿಸಬಹುದು. ಆದರೆ ಮಂಗ ಹಾರಿಯೋ ಗಾಳಿ ಬೀಸಿಯೋ ಒಂದು ಹಂಚು ಎರಡು ಬೆರಳಷ್ಟು ಜಾರಿದರೂ ಸಾಕು, ಅಲ್ಲಿಂದ ತೊಟ್ಟಿಕ್ಕುವ ನೀರು ರೀಪನ್ನೂ ಪಕಾಸನ್ನೂ ನೆನೆಸುತ್ತದೆ. ಒದ್ದೆ ಮರಕ್ಕೆ ಗೆದ್ದಲು ಬರಲು ಹೆಚ್ಚು ದಿನ ಬೇಕಿಲ್ಲ. ಹಾಗಾಗಿಯೇ ಪ್ರತಿ ಬೇಸಿಗೆಯಲ್ಲೂ ಹಂಚು ಕೈಯಾಡಿಸುವ ಕೆಲಸ ನಡೆಯುತ್ತಿತ್ತು. ಈಗ ಆ ಕೆಲಸ ಬಲ್ಲವರು ಕಡಿಮೆಯಾಗಿದ್ದಾರೆ. ಹಂಚಿನ ಮನೆಗಳು ಹಾಳಾಗಲು ಇದೂ ಒಂದು ದೊಡ್ಡ ಕಾರಣ. ಹಂಚಿನ ಮೇಲಿನ ಪಾಚಿಯನ್ನು ಒಣಗಿದ ಮೇಲೆ ಬ್ರಷ್ಷಿನಿಂದ ಉಜ್ಜಿ ತೆಗೆಯುವುದು ಲೇಸು. ಪ್ರೆಶರ್ ಪಂಪಿನ ಬಿರುಸು ನೀರು ಹಳೆಯ ಹಂಚಿನ ಮೈಯನ್ನು ಕೆರೆಯುತ್ತದೆ, ಸಂದಿಯೊಳಕ್ಕೂ ನುಗ್ಗುತ್ತದೆ. ಪಕಾಸು, ರೀಪುಗಳಿಗೆ ಗೇರು ಎಣ್ಣೆ ಬಳಿಯುವ ಹಳೆಯ ಪದ್ಧತಿ ಇಂದಿಗೂ ಉಪಯುಕ್ತವೇ.

ತಾರಸಿ ಮನೆಗಳ ಕಥೆ ಬೇರೆ. ಚಪ್ಪಟೆ ಸ್ಲ್ಯಾಬ್ ಬಯಲುಸೀಮೆಗೆ ಒಗ್ಗಿದಷ್ಟು ಸಲೀಸಾಗಿ ಮಲೆನಾಡಿಗೆ ಒಗ್ಗಲಿಲ್ಲ. ಹತ್ತು ಅಡಿಗೆ ಒಂದೂಕಾಲು ಇಂಚಿನಷ್ಟಾದರೂ ಇಳಿಜಾರು ಇಲ್ಲದಿದ್ದರೆ ನೀರು ನಿಲ್ಲುತ್ತದೆ. ಕೂದಲೆಳೆಯ ಬಿರುಕಿನಿಂದ ಒಳಗಿನ ಕಬ್ಬಿಣದ ಸರಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುತ್ತದೆ, ಊದಿದ ಸರಳು ಕಾಂಕ್ರೀಟನ್ನು ಒಡೆದು ಉದುರಿಸುತ್ತದೆ. ಕಡಲ ಹತ್ತಿರ ಗಾಳಿಯಲ್ಲಿರುವ ಉಪ್ಪಿನಿಂದ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ. ಸೋರುವ ತಾರಸಿಗೆ ಮೇಲಿಂದ ಮೇಲೆ ವಾಟರ್‌ಪ್ರೂಫ್ ಬಣ್ಣ ಬಳಿದು ಸೋತವರು ಕೊನೆಗೆ ಕಬ್ಬಿಣದ ಟ್ರಸ್ ನಿಲ್ಲಿಸಿ ಶೀಟು ಹೊದಿಸುತ್ತಾರೆ. ಮಳೆ ಹೆಚ್ಚಿರುವ ಊರುಗಳಲ್ಲಿ ಇದೇ ಬಾಳಿಕೆಯ ಉಪಾಯ. ಕೆಳಗಿನ ಜಾಗ ಬಟ್ಟೆ ಒಣಗಿಸಲು, ಅಡಿಕೆ ಹರವಲು ಒದಗುತ್ತದೆ. ಶೀಟಿನ ಅಂಚು ಮಾತ್ರ ಪ್ಯಾರಪೆಟ್ ಗೋಡೆಯನ್ನು ದಾಟಿ ಹೊರಗೆ ಚಾಚಬೇಕು. ತಿರುಪು ಮೊಳೆಗಳ ರಬ್ಬರ್ ವಾಷರ್ ಬಿಸಿಲಿಗೆ ಬಿರಿಯುವುದರಿಂದ ಅವನ್ನು ಆಗಾಗ ನೋಡಿ ಬದಲಿಸಬೇಕು.

ಗೋಡೆಗೆ ಅಪಾಯ ಎರಚಲಿನದು. ಗಾಳಿಯ ಮಳೆ ಅಡ್ಡಡ್ಡ ಬಂದು ಬಡಿಯುವ ಪಡುವಣ ಗೋಡೆಗೆ ಮಲೆನಾಡಿನವರು ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮಳೆಗಾಲ ಮುಗಿದೊಡನೆ ಅದನ್ನು ಬಿಚ್ಚಿ ಗೊಬ್ಬರದ ಗುಂಡಿಗೆ ಹಾಕುತ್ತಿದ್ದರು. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ. ಅದು ಗೋಡೆಗೆ ಅಂಟಿಕೊಂಡಿದ್ದರೆ ಹಿಂದೆ ತೇವ ಕೂತು ಹಾವಸೆ ಕಟ್ಟುತ್ತದೆ, ನಡುವೆ ಗಾಳಿಯಾಡಲು ಜಾಗ ಬಿಡಬೇಕು. ಕೆಂಪು ಕಲ್ಲಿನ ಗೋಡೆಯ ಮೈತುಂಬ ರಂಧ್ರ. ಅದು ನೀರು ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಸುಣ್ಣದ ಗಾರೆ, ಸುಣ್ಣದ ಬಣ್ಣ ಈ ಉಸಿರಾಟಕ್ಕೆ ಅಡ್ಡಬರುವುದಿಲ್ಲ. ಅದೇ ಗೋಡೆಗೆ ಗಟ್ಟಿ ಸಿಮೆಂಟು ಬಳಿದು ಮೇಲೆ ಪ್ಲಾಸ್ಟಿಕ್‌ನಂಥ ಬಣ್ಣ ಹಚ್ಚಿದರೆ ಒಳಗಿನ ತೇವ ಹೊರಬರಲಾಗದೆ ಬಣ್ಣವನ್ನು ಗುಳ್ಳೆ ಎಬ್ಬಿಸಿ ಕೀಳುತ್ತದೆ. ಯಾವ ಬಣ್ಣವೇ ಆಗಲಿ, ಗೋಡೆ ಪೂರ್ತಿ ಒಣಗಿದ ಮೇಲೆ ಹಚ್ಚಬೇಕು.

ಕಿಟಕಿಯ ಮೇಲಿನ ಸಜ್ಜದಲ್ಲಿ ಒಂದು ಸಣ್ಣ ಸಂಗತಿ ಅಡಗಿದೆ. ಅಂಚಿಗೆ ಬಂದ ನೀರು ನೇರ ಕೆಳಗೆ ಬೀಳದೆ ಸಜ್ಜದ ಅಡಿಗೆ ಅಂಟಿಕೊಂಡು ಗೋಡೆಯತ್ತ ನಡೆಯುತ್ತದೆ. ಅಂಚಿನ ಅಡಿಯಲ್ಲಿ ಕಿರುಬೆರಳಷ್ಟು ಅಗಲದ ಗೀರೊಂದನ್ನು ಉದ್ದಕ್ಕೂ ಎಳೆದಿದ್ದರೆ ಹನಿ ಅಲ್ಲೇ ಕಡಿದು ಬೀಳುತ್ತದೆ. ಗಾರೆ ಹಸಿಯಿರುವಾಗ ಇದಕ್ಕೆ ಖರ್ಚೇ ಇಲ್ಲ. ಮೇಸ್ತ್ರಿಗೆ ನೆನಪಿಸಿ ಮಾಡಿಸಿಕೊಳ್ಳಬೇಕಾದ ಕೆಲಸವಿದು.

ಸೂರಿನ ನೀರು ಬರಿಮಣ್ಣಿಗೆ ಬಿದ್ದರೆ ಕೆಸರು ಒಂದೆರಡು ಅಡಿ ಮೇಲಕ್ಕೆ ಸಿಡಿದು ಗೋಡೆಯ ಬುಡವನ್ನು ನೆನೆಸುತ್ತದೆ. ಆ ಸಾಲಿಗೆ ಜಲ್ಲಿ ಹಾಸಿ, ಆಚೆಗೆ ಇಳಿಜಾರಾದ ಚರಂಡಿ ಮಾಡಿದರೆ ಸಿಡಿತ ತಗ್ಗುತ್ತದೆ. ಈಚೆಗೆ ಅಂಗಳಕ್ಕೆ ಇಂಟರ್‌ಲಾಕ್ ಹಾಸುವುದು ಹೆಚ್ಚಾಗಿದೆ. ಹಳೆಯ ನೆಲದ ಮೇಲೆಯೇ ಮರಳು ಹಾಕಿ ಹಾಸಿದಾಗ ಅಂಗಳ ಎತ್ತರಗೊಂಡು ಪಂಚಾಂಗ ಹೂತುಹೋಗುತ್ತದೆ, ನೀರು ಮನೆಯ ಕಡೆಗೆ ತಿರುಗುತ್ತದೆ. ಅಂದಕ್ಕಾಗಿ ಮಾಡಿದ ಕೆಲಸ ಗೋಡೆಗೆ ಶಾಶ್ವತ ಶೀತ ತರುವುದು ಹೀಗೆ. ಮೊದಲು ಮಣ್ಣು ತೆಗೆದು, ಇಳಿಜಾರು ನೋಡಿ, ಆಮೇಲೆ ಹಾಸಬೇಕು.

ಇವೆಲ್ಲಕ್ಕೂ ಕಾಲ ಮಾರ್ಚ್‌ನಿಂದ ಮೇ ಮಧ್ಯದವರೆಗೆ. ತುಳುನಾಡಿನಲ್ಲಿ ಮೇ 24ರ ಆಸುಪಾಸಿಗೆ ಬರುವ ಪತ್ತನಾಜೆಯೊಡನೆ ಜಾತ್ರೆ, ಕೋಲಗಳ ಋತು ಮುಗಿಯುತ್ತದೆ. ಮಾಡಿನ ಕೆಲಸವೂ ಅಷ್ಟರಲ್ಲಿ ಮುಗಿದಿರಬೇಕು. ಮೊದಲ ದೊಡ್ಡ ಮಳೆಯ ದಿನ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬಂದು, ನೀರು ಎಲ್ಲಿ ನಿಲ್ಲುತ್ತದೆ, ಯಾವ ಮೂಲೆಯಲ್ಲಿ ಗೋಡೆಗೆ ತಾಗುತ್ತದೆ ಎಂದು ಗುರುತು ಹಾಕಿಕೊಂಡರೆ ಮುಂದಿನ ಬೇಸಿಗೆಯ ಕೆಲಸದ ಪಟ್ಟಿ ಸಿದ್ಧ. ಆದರೆ ಮಳೆಯ ನಡುವೆ ಸೋರಿತೆಂದು ಯಾರೂ ಮಾಡು ಹತ್ತಬಾರದು. ಪಾಚಿಗಟ್ಟಿದ ಒದ್ದೆ ಹಂಚಿನ ಮೇಲೆ ಕಾಲು ನಿಲ್ಲುವುದಿಲ್ಲ, ಹಳೆಯ ಸಿಮೆಂಟ್ ಶೀಟು ಆಳಿನ ಭಾರ ತಾಳುವುದಿಲ್ಲ. ಮಳೆ ಬಿಟ್ಟು ಮಾಡು ಒಣಗುವವರೆಗೆ ಸೋರುವ ಕಡೆ ಪಾತ್ರೆ ಇಡುವುದೇ ಸರಿ.